ವಿಮಾನದ ಮೇಲೆ ಹೊಟ್ಟೆಕಿಚ್ಚು

ನಾನು ಬರೆಯಲು ಕುಳಿತರೆ ಸಾಕು, ಈ ಮನೆಯಲ್ಲಿ ಎಲ್ಲರಿಗೂ ನನ್ನ ನೆನಪಾಗುತ್ತದೆ. ಈಗ ತಾನೇ ಮೊದಲ ಸಾಲು ಬರೆದಿದ್ದೆ, ಅತ್ತೆ ಕೂಗಿದರು. ಹಾಲು ಇಳಿಸಿ ಬಂದೆ. ಮತ್ತೆ ಕುಳಿತೆ, ಮಗಳು ಬಂದಳು. ಮೂಗು ಒರೆಸಿ ಕಳಿಸಿದೆ. ಪೆನ್ನು ಎತ್ತಿದೆನೋ ಇಲ್ಲವೋ, ನಮ್ಮ ಮನೆಯವರು ಬಾಗಿಲಲ್ಲಿ ನಿಂತರು.

"ಲೇ, ನಿನ್ನ ಉಗುರು ಬಣ್ಣದ ಬಾಟ್ಲಿ ಎಲ್ಲೈತಿ?"

ಹೆಂಡತಿಯ ಉಗುರಿಗೆ ಬಣ್ಣ ಹಚ್ಚಲು ಗಂಡ ಬಂದ ಅಂತ ನೀವು ತಿಳಿದರೆ ನಿಮ್ಮಂಥ ಪಾಪದವರು ಇನ್ನೊಬ್ಬರಿಲ್ಲ. ಅವರ ವಿಮಾನದ ಮೂಗಿನ ಬಣ್ಣ ಕಿತ್ತು ಬಂದಿತ್ತು.

ಇಂಥವು ನಮ್ಮಲ್ಲಿ ಆಗುತ್ತಲೇ ಇರುತ್ತವೆ. ವಿಮಾನ ಇರುವ ಮನೆ ಅಂದ ಮೇಲೆ ಆಗಲೇಬೇಕು.

ನಮ್ಮದು ಹೊಸಪೇಟೆ. ಮನೆಯವರು ಸಂಡೂರು ಕಡೆಯ ಒಂದು ಗಣಿಯಲ್ಲಿ ಎಲೆಕ್ಟ್ರಿಷಿಯನ್. ಅದಿರು ಹಡಗು ಹತ್ತಿ ಹೋಗಲು ಶುರುವಾದ ಮೇಲೆ ಈ ಸೀಮೆಯಲ್ಲಿ ದುಡ್ಡು ಕೆಂಪು ಧೂಳಿನ ಹಾಗೆ ಎಲ್ಲರ ಮೇಲೂ ಬಂದು ಕುಳಿತಿದೆ. ನಮ್ಮ ಮೇಲೆ ಮಾತ್ರ ಧೂಳಷ್ಟೇ ಕುಳಿತಿದೆ. ಏನು ಕೊಳ್ಳಬೇಕೆಂದು ತಿಳಿಯದೆ ಒಬ್ಬ ಧಣಿ ಬಾಗಿಲು ಆಕಾಶಕ್ಕೆ ತೆರೆಯುವ ಕಾರು ತಂದರು. ಇನ್ನೊಬ್ಬರು ನಾಯಿಮನೆಗೆ ಏಸಿ ಹಾಕಿಸಿದರು. ನಮ್ಮ ಮನೆಯವರ ಧಣಿ ಸಿಂಗಾಪುರದಿಂದ ರಿಮೋಟಿನಲ್ಲಿ ಹಾರುವ ವಿಮಾನ ತಂದರು. ಆಟದ ಸಾಮಾನು ಅನ್ನಬೇಡಿ. ರೆಕ್ಕೆ ಕೂಡಿಸಿದರೆ ನಮ್ಮ ಮಂಚದಷ್ಟು ಅಗಲ. ಮೂಗಿನಲ್ಲಿ ಎಣ್ಣೆ ಕುಡಿಯುವ ನಿಜವಾದ ಎಂಜಿನ್ನು.

ಧಣಿ ಒಂದೇ ಸಲ ಹಾರಿಸಿದರು. ಅದು ನೆಟ್ಟಗೆ ಬೇವಿನ ಮರದೊಳಗೆ ಹೋಗಿ ಕುಳಿತಿತು. "ಇನ್ನ ಇದನ್ನ ನೀನ ನೋಡ್ಕ" ಎಂದು ಮುರಿದ ವಿಮಾನವನ್ನು ಮನೆಯವರ ಕೈಗೆ ಕೊಟ್ಟರು. ಇವರು ಅದನ್ನು ಜೋಡಿಸಿದರು, ಜೊತೆಗೆ ಬಂದ ಇಂಗ್ಲಿಷ್ ಪುಸ್ತಕ ಓದಿಸಿಕೊಂಡು ಹಾರಿಸಲು ಕಲಿತರು. ಈಗ ಭಾನುವಾರ ಧಣಿ ನೋಡುತ್ತಾರೆ, ಇವರು ಹಾರಿಸುತ್ತಾರೆ. ಮಿಕ್ಕ ದಿನ ವಿಮಾನ ನಮ್ಮ ಮನೆಯಲ್ಲೇ. ಸಣ್ಣ ಮನೆ, ಇಡಲು ಬೇರೆ ಜಾಗವಿಲ್ಲ. ಆದ್ದರಿಂದ ವಿಮಾನ ಮಂಚದ ಮೇಲೆ, ನಾನು ಚಾಪೆಯ ಮೇಲೆ.

ಇದಕ್ಕೆಲ್ಲ ಬದಲಾಗಿ ನಾನು ಕೇಳಿದ್ದು ಒಂದೇ ಒಂದು.

"ರೀ, ಒಮ್ಮೆ ಆ ರಿಮೋಟ್ ನನ್ನ ಕೈಯಾಗ ಕೊಡ್ರಿ. ನಾನೂ ಹಾರಸ್ತೀನಿ."

"ಅದು ಟಿ.ವಿ. ರಿಮೋಟ್ ಅಲ್ಲಲೇ. ಅದಕ್ಕ ಶಾಂತ ಕೈ ಬೇಕು. ನಿನ್ನ ಕೈ ರೊಟ್ಟಿ ಬಡಿಯೂ ಕೈ."

"ಈ ಕೈ ಬಡಿದ ರೊಟ್ಟಿ ತಿಂದನ ನಿಮ್ಮ ಕೈ ಶಾಂತ ಆಗಿರೂದು."

ಮಾತಿನಲ್ಲಿ ನಾನು ಗೆದ್ದೆ. ರಿಮೋಟ್ ಮಾತ್ರ ಬರಲಿಲ್ಲ.

ಹಲ್ಲುನೋವು

ಹಾರಿಸುವ ಮುನ್ನ ವಿಮಾನವನ್ನು ಮೂಗಿನಿಂದ ಬಾಲದವರೆಗೆ ಪರೀಕ್ಷೆ ಮಾಡಬೇಕಂತೆ. ಪುಸ್ತಕದ ಮೊದಲ ನಿಯಮ. ನಮ್ಮ ಮನೆಯವರು ಇದನ್ನು ಪೂಜೆಯ ಹಾಗೆ ಮಾಡುತ್ತಾರೆ. ಒಂದೊಂದು ಸ್ಕ್ರೂ ಮುಟ್ಟುತ್ತಾರೆ. ರೆಕ್ಕೆಯನ್ನು ಮೆಲ್ಲಗೆ ಎಳೆದು ನೋಡುತ್ತಾರೆ. ಬ್ಯಾಟರಿ ಬಿಸಿಯಾಗಿದೆಯೇ ಅಂತ ಕೆನ್ನೆಗೆ ಒತ್ತಿಕೊಳ್ಳುತ್ತಾರೆ. ನನ್ನ ಹಣೆ ಮುಟ್ಟಿ ಜ್ವರ ನೋಡಿದ್ದು ನನಗೆ ನೆನಪಿಲ್ಲ.

ಒಂದು ಸಲ ನನ್ನ ದವಡೆ ಊದಿಕೊಂಡು ಒಂದು ಕೆನ್ನೆ ಪೂರಿಯ ಹಾಗೆ ಉಬ್ಬಿತ್ತು. ಎದುರಿಗೇ ಕುಳಿತಿದ್ದೆ. ಮನೆಯವರು ಟಾರ್ಚ್ ಹಾಕಿ ವಿಮಾನದ ಬಾಲದ ಹತ್ತಿರ ಕೂದಲೆಳೆಯಂಥ ಬಿರುಕು ಕಂಡುಹಿಡಿದರು.

"ನೋಡಿಲ್ಲಿ! ಬ್ಯಾರೆ ಯಾರ ಕಣ್ಣಿಗೂ ಬೀಳತಿದ್ದಿಲ್ಲ ಇದು!"

"ಹೌದ್ರಿ, ನಿಮ್ಮ ಕಣ್ಣು ಭಾಳ ಚೂಪು," ಎಂದೆ ಅರ್ಧ ಬಾಯಲ್ಲಿ.

"ಯಾಕ ಹಂಗ ಮಾತಾಡಾಕತ್ತೀದಿ?"

"ಇನ್ನರ್ಧ ಬಾಯಿ ಬಾಡಿಗಿ ಕೊಟ್ಟೀನಿ."

ಆಗ ತಲೆ ಎತ್ತಿ ನೋಡಿ, ಗಾಬರಿಯಾಗಿ, ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. "ನೋವು ಯಾವ ಕಡೆ?" ಅಂತ ಡಾಕ್ಟರು ಕೇಳಿದರು. ನನಗೆ ಬಾಯಿ ತೆರೆಯಲು ಆಗುತ್ತಿರಲಿಲ್ಲ. ಮನೆಯವರು ಮುಂದೆ ಬಂದು ಕೈಕಟ್ಟಿ ನಿಂತು ಹೇಳಿದರು: "ಎಡಗಡೆ ರೆಕ್ಕಿ ಬುಡದಾಗ್ರಿ ಸಾರ್."

ಡಾಕ್ಟರು ಇಕ್ಕಳ ಎತ್ತಿಕೊಂಡರು. "ರೆಕ್ಕೆ ಹಂಗೇ ಇರಲಿ. ನಾನು ಹಲ್ಲು ಕೀಳ್ತೀನಿ."

ಕಿತ್ತ ಹಲ್ಲನ್ನು ಮನೆಯವರು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. "ಬಿರುಕು ಐತಿ ನೋಡು," ಎಂದರು. ಮದುವೆಯಾದ ಮೇಲೆ ನನ್ನದೊಂದು ಭಾಗವನ್ನು ಅವರು ಅಷ್ಟು ಲಕ್ಷ್ಯ ಕೊಟ್ಟು ನೋಡಿದ್ದು ಅದೇ ಮೊದಲು. ಅದೂ ನನ್ನಿಂದ ಬೇರೆಯಾದ ಮೇಲೆ.

ಬಟ್ಟೆ ಕ್ಲಿಪ್ಪು

ನಮ್ಮ ಧಣಿಯ ವಿಮಾನ ನೋಡಿ ಕಂಪ್ಲಿಯ ಅಕ್ಕಿ ಗಿರಣಿ ಸಾವ್ಕಾರರಿಗೆ ಹೊಟ್ಟೆ ಉರಿಯಿತು. ಅವರೂ ಅಂಥದ್ದೇ ಒಂದು ತಂದರು. ಹೊಟ್ಟೆಕಿಚ್ಚು ನನಗೊಬ್ಬಳಿಗೇ ಅಲ್ಲ ಎಂದು ನನಗೆ ಎಷ್ಟೋ ಸಮಾಧಾನವಾಯಿತು.

ಆದರೆ ಎರಡೂ ರಿಮೋಟುಗಳ ಚಾನೆಲ್ ನಂಬರು ಒಂದೇ. ಒಬ್ಬರದು ಹಾರುತ್ತಿರುವಾಗ ಇನ್ನೊಬ್ಬರು ರಿಮೋಟ್ ಆನ್ ಮಾಡಿದರೆ ಮೇಲಿರುವ ವಿಮಾನಕ್ಕೆ ಯಾರ ಮಾತು ಕೇಳಬೇಕೋ ತಿಳಿಯದೆ ಕೆಳಗೆ ಬೀಳುತ್ತದೆ. ಅತ್ತೆ ಒಂದು ಹೇಳಿ ಗಂಡ ಒಂದು ಹೇಳಿದಾಗ ಸೊಸೆಗೆ ಆಗುವ ಹಾಗೆ. ಅದಕ್ಕೆ ಪುಸ್ತಕದಲ್ಲಿ ಒಂದು ಉಪಾಯವಿತ್ತು. ಮೈದಾನದಲ್ಲಿ ಒಂದು ಹಲಗೆ ನಿಲ್ಲಿಸಿ, ಅದಕ್ಕೆ ಚಾನೆಲ್ ನಂಬರು ಬರೆದ ಒಂದು ಬಟ್ಟೆ ಕ್ಲಿಪ್ಪು ಸಿಕ್ಕಿಸಬೇಕು. ಹಾರಿಸುವವರು ಕ್ಲಿಪ್ಪು ತೆಗೆದು ತಮ್ಮ ಅಂಗಿಗೆ ಹಾಕಿಕೊಳ್ಳಬೇಕು. ಕ್ಲಿಪ್ಪು ಯಾರ ಅಂಗಿಯ ಮೇಲಿದೆಯೋ ಅವರೇ ರಿಮೋಟ್ ಆನ್ ಮಾಡಬೇಕು. ಇಳಿಸಿದ ಮೇಲೆ ಮತ್ತೆ ಹಲಗೆಗೆ. ಆ ಕ್ಲಿಪ್ಪು ಎಲ್ಲಿಂದ ಹೋಯಿತು ಅಂತ ನಾನು ಹೇಳಬೇಕಾಗಿಲ್ಲ. ನನ್ನ ರವಿಕೆ ಪಕ್ಕದ ಮನೆಯ ಅಂಗಳಕ್ಕೆ ಹಾರಿದ ದಿನ ನನಗೆ ತಿಳಿಯಿತು.

ಒಂದು ಭಾನುವಾರ ಗಿರಣಿ ಸಾವ್ಕಾರರು ಮೊದಲು ಹಾರಿಸಿದರು, ಮದುವೆಗೆ ಹೊತ್ತಾಯಿತೆಂದು ಗಡಿಬಿಡಿಯಲ್ಲಿ ಹೊರಟುಹೋದರು. ಕ್ಲಿಪ್ಪು ಅವರ ಅಂಗಿಯ ಮೇಲೇ ಹೋಯಿತು. ನಮ್ಮ ಮನೆಯವರು ಖಾಲಿ ಹಲಗೆ ನೋಡುತ್ತ ನಿಂತುಬಿಟ್ಟರು. ಬುತ್ತಿ ಕೊಡಲು ಹೋದ ನಾನು ಹೇಳಿದೆ:

"ಸಾವ್ಕಾರ್ರು ಹೋದ್ರಲ್ರಿ. ಅವರ ವಿಮಾನಾನೂ ಹೋತು. ಹಾರಸ್ರಿ ನೀವು."

"ಕ್ಲಿಪ್ಪಿಲ್ಲದ ಆನ್ ಮಾಡಬಾರದು."

"ಮನ್ಯಾಗ ಇನ್ನ ಕ್ಲಿಪ್ಪು ಅದಾವ. ತರ್ಲೇನು?"

"ಬ್ಯಾಡ. ಒಂದು ಚಾನೆಲ್ಲಿಗೆ ಒಂದ ಕ್ಲಿಪ್ಪು. ಎರಡಾದ್ರ ಅನಾಹುತ."

ಬೈಕ್ ಹತ್ತಿ ಕಂಪ್ಲಿಗೆ ಹೊರಟರು. ಮರಿಯಮ್ಮನಹಳ್ಳಿಯ ನನ್ನ ತವರಿಗೆ ಹೋಗೋಣ ಅಂದರೆ ರಸ್ತೆಯ ತುಂಬ ಅದಿರಿನ ಲಾರಿ ಅನ್ನುವ ಮನುಷ್ಯ, ಬಟ್ಟೆ ಕ್ಲಿಪ್ಪು ತರಲು ಕಂಪ್ಲಿಗೆ ಹೋದರು.

ಅಲ್ಲಿ ಮದುವೆ ಊಟ ನಡೆದಿತ್ತಂತೆ. ಸಾವ್ಕಾರರು ರೇಷ್ಮೆ ಅಂಗಿಯ ಮೇಲೆ ನನ್ನ ನೀಲಿ ಕ್ಲಿಪ್ಪು ಹಾಕಿಕೊಂಡೇ ಎಲ್ಲರಿಗೂ ಕೈಮುಗಿಯುತ್ತಿದ್ದರು. ಶ್ರೀಮಂತರು ಹಾಕಿದ್ದಾರೆ ಅಂದರೆ ಏನೋ ಹೊಸದಿರಬೇಕು ಅಂತ ಯಾರೂ ಕೇಳಿರಲಿಲ್ಲ. ಬೀಗರ ಕಡೆಯ ಒಬ್ಬರು ಮಾತ್ರ "ಇದು ಬೆಂಗಳೂರಾಗ ಸಿಗ್ತೈತೇನ್ರಿ?" ಅಂದರಂತೆ. ನಮ್ಮ ಮನೆಯವರು ನೇರವಾಗಿ ಹೋಗಿ ಸಾವ್ಕಾರರ ಎದೆಯಿಂದ ಕ್ಲಿಪ್ಪು ಕಿತ್ತುಕೊಂಡರು. ಅವರು ಕೈಹಿಡಿದು ಪಂಕ್ತಿಯಲ್ಲಿ ಕೂರಿಸಿದರು. ಹೋಳಿಗೆ ಉಂಡು, ಕ್ಲಿಪ್ಪು ಜೇಬಿನಲ್ಲಿಟ್ಟುಕೊಂಡು ಬಂದರು. ನಾನು ಕೊಟ್ಟ ಬುತ್ತಿ ಮೈದಾನದಲ್ಲಿ ನಾಯಿ ತಿಂದಿತ್ತು.

ಮುಂದಿನ ಭಾನುವಾರ ಎದ್ದವಳೇ ಆ ಕ್ಲಿಪ್ಪು ನನ್ನ ಸೆರಗಿಗೆ ಹಾಕಿಕೊಂಡೆ. ನಿಯಮ ಅಂದರೆ ನಿಯಮ. ಮಧ್ಯಾಹ್ನದವರೆಗೆ ಮನುಷ್ಯ ಮನೆ ಬಿಟ್ಟು ಅಲುಗಲಿಲ್ಲ. ತೊಗರಿಬೇಳೆ ಆರಿಸಿಕೊಟ್ಟರು.

ನಿಂಬೆಹಣ್ಣು

ಆಯುಧಪೂಜೆಗೆ ಅತ್ತೆ ವಿಮಾನಕ್ಕೆ ವಿಭೂತಿ ಬಳಿದು, ಕುಂಕುಮವಿಟ್ಟು, ನಾನು ನನ್ನ ತುರುಬಿಗೆಂದು ಕಟ್ಟಿಟ್ಟಿದ್ದ ಕನಕಾಂಬರ ಪೂರ್ತಿ ಅದರ ಕೊರಳಿಗೆ ಹಾಕಿದರು. "ನನಗ?" ಅಂದರೆ "ನೀನೇನು ಹಾರ್ತೀಯೇನು?" ಅಂದರು. ಮೇಲೆ ಮೂಗಿಗೊಂದು ನಿಂಬೆಹಣ್ಣು ಕಟ್ಟಿದರು.

ವಿಮಾನದ ಹೊಟ್ಟೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿದರೆ ಅದು ತಕ್ಕಡಿಯ ಹಾಗೆ ಸಮ ನಿಲ್ಲಬೇಕು. ನಿಂಬೆಹಣ್ಣಿನ ಭಾರಕ್ಕೆ ಮೂಗು ಬಾಗಿತು. ದೇವರ ನಿಂಬೆಹಣ್ಣು, ತೆಗೆಯುವ ಹಾಗಿಲ್ಲ. ಅತ್ತೆ ಎದುರಿಗೇ ನಿಂತಿದ್ದಾರೆ. ಮನೆಯವರು ಬಹಳ ಹೊತ್ತು ವಿಚಾರ ಮಾಡಿ, ಬಾಲಕ್ಕೂ ಒಂದು ಸಣ್ಣ ನಿಂಬೆಹಣ್ಣು ಕಟ್ಟಿದರು. ವಿಮಾನ ಸಮ ನಿಂತಿತು.

ವಿಮಾನದಿಂದ ಏನೂ ಕೆಳಗೆ ಬೀಳಬಾರದು ಅನ್ನುವುದು ಇನ್ನೊಂದು ನಿಯಮ. ಅವತ್ತು ಮೇಲೆ ಒಂದು ಸುತ್ತು ಹೊಡೆಯುವಾಗ ಮೂಗಿನ ನಿಂಬೆಹಣ್ಣು ಕಳಚಿ, ಕಾರಿಗೆ ಒರಗಿ ನಿಂತಿದ್ದ ಧಣಿಯ ನೆತ್ತಿಯ ಮೇಲೆ ಬಿತ್ತು. ಕೆಲಸ ಹೋಯಿತು ಅಂದುಕೊಂಡರು ಮನೆಯವರು. ಧಣಿ ನೆತ್ತಿ ತಿಕ್ಕಿಕೊಂಡು, ನಿಂಬೆಹಣ್ಣು ಎತ್ತಿ, ಆಕಾಶ ನೋಡಿ, ಕಣ್ಣಿಗೆ ಒತ್ತಿಕೊಂಡರು.

ಅದೀಗ ಅವರ ದೇವರ ಕೋಣೆಯಲ್ಲಿ ಬೆಳ್ಳಿ ಬಟ್ಟಲಲ್ಲಿದೆ. ನಾನು ಪ್ರತಿ ವರ್ಷ ಧಣಿಯ ಮನೆಗೆ ನಿಂಬೆಹಣ್ಣಿನ ಉಪ್ಪಿನಕಾಯಿ ಕಳಿಸುತ್ತೇನೆ. ಡಬ್ಬಿ ಸಹ ವಾಪಸು ಬರುವುದಿಲ್ಲ.

ಹುಡುಗಿ ನೋಡಲು ಹೋದದ್ದು

ಹಾರಿಸುವ ಜಾಗದಲ್ಲಿ ಮನೆ ಇರಬಾರದು, ಮರ ಇರಬಾರದು, ಕರೆಂಟಿನ ತಂತಿ ಇರಬಾರದು, ಜನ ಓಡಾಡಬಾರದು. ಡ್ಯಾಮಿನ ಹತ್ತಿರ ಕೂಡದು. ಹಂಪಿಯ ಕಡೆ ಬಯಲು ಚೆನ್ನಾಗಿದೆ ಅಂತ ಒಮ್ಮೆ ಹೋಗಿದ್ದರು. ಡಬ್ಬಿ ಬಿಚ್ಚುವ ಮೊದಲೇ ಕಾವಲುಗಾರ ಸೀಟಿ ಊದಿ ಓಡಿಸಿದ. ಹೀಗಾಗಿ ನಮ್ಮ ಮನೆಯವರು ಎಲ್ಲಿ ಹೋದರೂ ನೆಲವನ್ನು ಒಂದು ಥರಾ ಆಸೆಯಿಂದ ನೋಡುತ್ತಾರೆ. ನನ್ನ ಕಡೆ ಹಾಗೆ ನೋಡಿದ್ದು ಮದುವೆಯ ಹೊಸದರಲ್ಲಿ.

ಮೈದುನನಿಗೆ ಹುಡುಗಿ ನೋಡಲು ವಡ್ಡು ಅನ್ನುವ ಹಳ್ಳಿಗೆ ಹೋದೆವು. ಹುಡುಗಿ ಉಪ್ಪಿಟ್ಟು ತಂದಿಟ್ಟು ತಲೆ ತಗ್ಗಿಸಿ ಕುಳಿತಳು. ಅವಳ ಬೆನ್ನ ಹಿಂದೆ ಕಿಟಕಿ. ಕಿಟಕಿಯ ಆಚೆ ಅವರ ಬೀಳು ಹೊಲ. ಮನೆಯವರು ಆ ಕಡೆಯಿಂದ ಕಣ್ಣು ಕೀಳಲಿಲ್ಲ. ಹುಡುಗಿಯ ಅಪ್ಪನಿಗೆ ಖುಷಿಯಾಯಿತು. ಹುಡುಗನ ಅಣ್ಣ ಇಷ್ಟು ಲಕ್ಷ್ಯ ಕೊಟ್ಟು ನೋಡುತ್ತಿದ್ದಾರೆ ಅಂದರೆ ಒಪ್ಪಿಗೆ ಆದ ಹಾಗೇ ಅಂತ ತಿಳಿದು ಕೇಳಿಯೇಬಿಟ್ಟರು.

"ಹೆಂಗನಸ್ತೈತ್ರಿ? ಮನಸಿಗೆ ಬಂತೇನು?"

"ಮಸ್ತ್ ಐತ್ರಿ!" ಅಂದರು ನಮ್ಮವರು. "ಭಾಳ ಲೆವೆಲ್ ಐತಿ. ಎಲ್ಲೂ ತಗ್ಗು ದಿನ್ನಿ ಇಲ್ಲ. ಗಾಳಿ ಒಂದ ಕಡಿಯಿಂದ ಬರ್ತೈತಿ. ಸ್ವಲ್ಪ ಕಲ್ಲು ಆರಿಸಿಬಿಟ್ರ ವಾರಕ್ಕೊಮ್ಮೆ ಬಂದು ಹೋಗಾಕ ಚೊಲೊ ಆಕ್ಕೈತಿ."

ಉಪ್ಪಿಟ್ಟು ಅಗಿಯುತ್ತಿದ್ದ ಮೈದುನ ಹಾಗೇ ಬಾಯಿ ತೆರೆದುಕೊಂಡು ಕುಳಿತ. ನಾನು ಎದ್ದು ನಿಂತು, ಕಿಟಕಿ ತೋರಿಸಿ, ನಮ್ಮ ಮನೆಯ ವಿಮಾನದ ಕಥೆಯನ್ನೆಲ್ಲ ಹೇಳಬೇಕಾಯಿತು. ಎಲ್ಲರಿಗಿಂತ ಮೊದಲು ನಕ್ಕವಳು ಹುಡುಗಿ. ಅವಳು ನಕ್ಕದ್ದು ನೋಡಿ ಮೈದುನ ಅಲ್ಲೇ ಒಪ್ಪಿದ.

ಅವಳೀಗ ನನ್ನ ನೆಗೆಣ್ಣಿ. ಅವಳ ತವರಿನ ಹೊಲ ನಮ್ಮ ಮನೆಯವರ ವಿಮಾನ ನಿಲ್ದಾಣ. ನಾನೂ ಮದುವೆಯಾಗಿ ಬರುವಾಗ ಬೀಳು ಹೊಲ ತಂದಿದ್ದರೆ ಎಷ್ಟು ಮರ್ಯಾದೆ ಸಿಗುತ್ತಿತ್ತೋ ಏನೋ. ಪಾತ್ರೆ ತಂದೆ.

ವಾಯರ್

ಧಣಿಯ ಮಗನಿಗೆ ಮದುವೆಯಾಯಿತು. ಸೊಸೆ ಬೆಂಗಳೂರಿನಲ್ಲಿ ಓದಿದವಳು. ವಿಮಾನ ನೋಡಿದವಳೇ "ನನಗೂ ಕಲಿಸಿ" ಎಂದಳಂತೆ. ಅವಳಿಗೆ ರೊಟ್ಟಿ ಬಡಿಯುವ ಕೈ ಅಂತ ಯಾರೂ ಹೇಳಲಿಲ್ಲ. ಮರುವಾರವೇ ಪಾಠ ಶುರು.

ಈ ಸುದ್ದಿ ನನಗೆ ತಂದದ್ದು ನನ್ನ ಗಂಡನಲ್ಲ, ಪಕ್ಕದ ಮನೆಯಾಕೆ. ಅವಳ ಗಂಡ ಲಾರಿ ಡ್ರೈವರ್, ದಿನಾ ವಡ್ಡಿನ ಮೇಲೆ ಹಾದು ಹೋಗುವವನು.

"ಅಕ್ಕಾ, ತಪ್ಪು ತಿಳೀಬ್ಯಾಡ. ನಿನ್ನ ಗಂಡ ಯಾರೋ ಪ್ಯಾಂಟಿನಾಕಿ ಕೂಡ ಹೊಲದಾಗ ನಿಂತಿದ್ನಂತ. ಇಬ್ರ ನಡುವ ಒಂದು ವಾಯರ್ ಐತಂತ."

"ಎಂಥಾ ವಾಯರ್?"

"ಕರೇದು. ಅವರು ಭಾಳ ದೂರ ಹೋಗಬಾರದು ಅಂತ ಕಟ್ಕಂಡಂಗ ಐತಂತ."

ಮುಂದಿನ ಭಾನುವಾರ ಮಗಳನ್ನು ಕಂಕುಳಲ್ಲಿ ಇರುಕಿಕೊಂಡು ಬಸ್ಸು ಹತ್ತಿದೆ. ಹೋಗಿ ನೋಡಿದರೆ ಎಲ್ಲ ಖರೆ. ಧಣಿಯ ಸೊಸೆ ಕರಿ ಕನ್ನಡಕ ಹಾಕಿಕೊಂಡು ಒಂದು ರಿಮೋಟ್ ಹಿಡಿದಿದ್ದಾಳೆ. ಪಕ್ಕದಲ್ಲಿ ನಮ್ಮವರು ಇನ್ನೊಂದು ಹಿಡಿದಿದ್ದಾರೆ. ನಡುವೆ ಕರಿ ವಾಯರ್ ಜೋತಾಡುತ್ತಿದೆ.

"ಮೆಲ್ಲಕ ಅಕ್ಕಾವ್ರ, ಮೆಲ್ಲಕ... ಹಾಂ, ಭಾಳ ಚೊಲೊ! ಭಾಳ ಚೊಲೊ!"

ಭಾಳ ಚೊಲೊ! ಇಷ್ಟು ವರ್ಷ ನಾನು ಮಾಡಿಹಾಕಿದ ಎಣ್ಣೆಗಾಯಿಗೆ ಒಮ್ಮೆ ಬಾರದ ಮಾತು, ಇಲ್ಲಿ ಒಂದೇ ಉಸಿರಿನಲ್ಲಿ ಎರಡು ಸಲ.

ನೆಲದ ಮೇಲೆ ಸುಣ್ಣದ ಗೆರೆ ಎಳೆದಿತ್ತು. ಹಾರಿಸುವಾಗ ಮಿಕ್ಕವರು ಅದರ ಒಳಗೆ ಹೋಗುವಂತಿಲ್ಲ. ನಾನು ಗೆರೆಯ ಮೇಲೆ ನಿಂತು ಗಂಟಲು ಬಿಚ್ಚಿದೆ.

"ಏನ್ರೀ ಇದು?"

ಅವರು ತಿರುಗಲಿಲ್ಲ. ವಿಮಾನ ಮೇಲಿರುವಾಗ ಅದರ ಮೇಲಿಂದ ಕಣ್ಣು ತೆಗೆಯಬಾರದು, ನಿಯಮ. ಆಕಾಶ ನೋಡುತ್ತಲೇ ಉತ್ತರ ಕೊಟ್ಟರು.

"ಯಾಕ ಬಂದಿ?"

"ನಿಮ್ಮ ಪಾಠ ನೋಡಾಕ! ನನಗ ಕಲಸಾಕ ಟೈಮಿಲ್ಲ, ಇಲ್ಲಿ ವಾಯರ್ ಕಟ್ಕಂಡು ನಿಂತೀರಿ!"

"ತಪ್ಪಾತು, ಸಿಟ್ಟು ಮಾಡಬ್ಯಾಡ," ಎಂದರು ಆಕಾಶಕ್ಕೆ.

"ಮಾಡ್ತೀನಿ! ನಾ ಚಾಪಿ ಮ್ಯಾಲ ಮಲಗಿದ್ದು ಇದಕ್ಕೇನು?"

"ಇನ್ನ ಮುಂದ ಮಂಚದ ಮ್ಯಾಲ ಮಲಗುವಂತಿ," ಎಂದರು ಮತ್ತೆ ಆಕಾಶಕ್ಕೆ, ಕತ್ತು ಎತ್ತಿಕೊಂಡೇ.

ರಸ್ತೆಯಲ್ಲಿ ಒಂದು ಅದಿರಿನ ಲಾರಿ ನಿಂತಿತು. ಡ್ರೈವರ್ ಇಳಿದು, ನಮ್ಮವರನ್ನು ನೋಡಿ, ತಾನೂ ಮೇಲೆ ನೋಡಿ, ಚಪ್ಪಲಿ ಬಿಟ್ಟು ಕೈಮುಗಿದ.

ಧಣಿಯ ಸೊಸೆಗೆ ನಗು ತಡೆಯಲಾಗಲಿಲ್ಲ. "ಅಕ್ಕಾ, ನೀವು ಒಳಗೆ ಬನ್ನಿ, ಪರವಾಗಿಲ್ಲ," ಎಂದಳು. ಬಂದೆ. ತನ್ನ ರಿಮೋಟನ್ನು ನನ್ನ ಕೈಗೇ ಇಟ್ಟುಬಿಟ್ಟಳು. "ಇದು ಕಲಿಯೋರದ್ದು. ಅವರು ತಮ್ಮ ರಿಮೋಟಲ್ಲಿ ಒಂದು ಬಟನ್ ಒತ್ತಿ ಹಿಡಿದರೆ ವಿಮಾನ ನಿಮ್ಮ ಮಾತು ಕೇಳುತ್ತೆ. ಬಟನ್ ಬಿಟ್ಟರೆ ಅವರ ಮಾತು ಕೇಳುತ್ತೆ. ಅದಕ್ಕೇ ವಾಯರ್. ಬೀಳೋ ಭಯ ಇಲ್ಲ."

ಅವಳ ಮೇಲಿದ್ದ ಹೊಟ್ಟೆಕಿಚ್ಚು ಅರ್ಧ ಅಲ್ಲೇ ಇಳಿಯಿತು. ಉಳಿದರ್ಧ ಅವಳ ಕನ್ನಡಕದ ಮೇಲಿತ್ತು.

"ರೀ, ಗುಂಡಿ ಒತ್ರಿ," ಎಂದೆ.

"ಒತ್ತೀನಿ," ಎಂದರು.

ರಿಮೋಟಿನ ಕಡ್ಡಿಯನ್ನು ಬೆರಳಿನಿಂದ ಒಂದಿಷ್ಟು ಸರಿಸಿದೆ. ಅಷ್ಟು ಮೇಲಿದ್ದ ವಿಮಾನ ಮಾತು ಕೇಳಿ ಬಲಕ್ಕೆ ಹೊರಳಿತು. ಈ ಮನೆಗೆ ಬಂದ ಮೇಲೆ ನಾನು ಹೇಳಿದ ಕಡೆ ತಿರುಗಿದ್ದು ಅದೊಂದೇ. ಎಡಕ್ಕೆ ತಿರುಗಿಸಿದೆ, ತಿರುಗಿತು. ಹೊಲದ ಮೇಲೆ ದೊಡ್ಡ ಸುತ್ತು ಹಾಕಿಸಿದೆ. ಮಗಳು ಸೀರೆ ಎಳೆದಳು, ನೋಡಲಿಲ್ಲ. ಮನೆಯವರು ಏನೋ ಹೇಳಿದರು.

"ಸುಮ್ನಿರ್ರಿ. ಮ್ಯಾಲ ನೋಡಾಕತ್ತೀನಿ," ಎಂದೆ.

ಆಹಾ, ಆ ಮಾತು ಹೇಳುವಾಗಿನ ಸುಖ! ಇವರು ಭಾನುವಾರ ಯಾಕೆ ಮನೆಯಲ್ಲಿ ನಿಲ್ಲುವುದಿಲ್ಲ ಅಂತ ಅವತ್ತು ಅರ್ಥವಾಯಿತು. ಕೆಳಗೆ ಯಾರು ಎಷ್ಟು ಕೂಗಿದರೂ ಉತ್ತರ ಕೊಡಬೇಕಾಗಿಲ್ಲ. ವಿಮಾನ ಒಮ್ಮೆಯೂ ವಾಲಲಿಲ್ಲ, ಹೂವಿನ ಹಾಗೆ ಬಂದು ನೆಲಕ್ಕಿಳಿಯಿತು. ಧಣಿಯ ಸೊಸೆ ಚಪ್ಪಾಳೆ ತಟ್ಟಿದಳು. ಲಾರಿ ಡ್ರೈವರೂ ತಟ್ಟಿದ.

"ಭಾಳ ಚೊಲೊ ಹಾರಿಸಿದಿ!" ಎಂದರು ನಮ್ಮವರು. ಈ ಸಲ ನನ್ನ ಮುಖ ನೋಡಿ.

ಸಂಜೆ ಬೈಕಿನಲ್ಲಿ ಮನೆಗೆ ಹೊರಟೆವು. ನಾನು ಹಿಂದೆ, ಮಗಳು ಮುಂದೆ ಟ್ಯಾಂಕಿನ ಮೇಲೆ. ಅವಳು ಎರಡೂ ಕೈಯಿಂದ ಹ್ಯಾಂಡಲ್ ಹಿಡಿದು ಬಾಯಲ್ಲಿ ಬುರ್ರ್ ಎನ್ನುತ್ತಿದ್ದಳು. ಅವಳ ಪುಟ್ಟ ಕೈಗಳ ಪಕ್ಕದಲ್ಲೇ ಅವರಪ್ಪನ ಕೈಗಳು ಗಟ್ಟಿಯಾಗಿದ್ದವು. ನಾನು ದಾರಿಯುದ್ದಕ್ಕೂ ಬಾಯಿ ಮುಚ್ಚಲಿಲ್ಲ. ಹೇಗೆ ತಿರುಗಿಸಿದೆ, ಹೇಗೆ ಇಳಿಸಿದೆ, ಮೊದಲ ಸಲಕ್ಕೇ ಇಷ್ಟು ಅಂದರೆ ಇನ್ನು ಮುಂದೆ ಎಷ್ಟು ಅಂತ ಹೇಳುತ್ತಲೇ ಇದ್ದೆ. ಮನೆಯವರು ಎಲ್ಲದಕ್ಕೂ ಹೂಂ ಎಂದರು.

ತಿರುವಿನಲ್ಲಿ ಬೈಕು ಸಲೀಸಾಗಿ ಹೊರಳಿತು. ಅವರು ಬಗ್ಗಿ ಮಗಳ ಕಿವಿಯಲ್ಲಿ ಹೇಳಿದರು.

"ನಮ್ಮ ಡ್ರೈವರಮ್ಮ ನೋಡು! ಭಾಳ ಚೊಲೊ ಓಡಿಸಿದಿ!"

ಅದೇ ಮಾತು. ಅದೇ ದನಿ.

ಹಾರಿಸುವಾಗ ನಾನು ಮೇಲೆ ನೋಡುತ್ತಿದ್ದೆ. ಅವರ ಬೆರಳು ಗುಂಡಿಯ ಮೇಲಿತ್ತೋ ಇಲ್ಲವೋ, ನೋಡಿದವರು ಯಾರು? ಓಣಿಯಲ್ಲಿ ನನ್ನ ಮಾತಿಗೆ ಎದುರು ಮಾತಾಡುವವರು ಇಲ್ಲ. ಅತ್ತೆಗೆ, ಪಕ್ಕದ ಮನೆಯಾಕೆಗೆ, ಧಣಿಗೆ, ಎಲ್ಲರಿಗೂ ನನ್ನ ಹತ್ತಿರ ಉತ್ತರ ಇದೆ. ಮಗಳು ಹ್ಯಾಂಡಲ್ ಬಿಡದೆ ಕತ್ತು ಹೊರಳಿಸಿ ಕೇಳಿದ ಮಾತಿಗೆ ಮಾತ್ರ ಇವತ್ತಿನವರೆಗೂ ಇಲ್ಲ.

"ಅವ್ವಾ, ನೀ ವಿಮಾನ ಹಾರಿಸಿದ್ದು, ನಾ ಗಾಡಿ ಓಡಸ್ತೀನಲ್ಲ, ಹಂಗ ಏನು?"